ಕೊನೆಗೆ ಬಂದೋರ ತೆಪ್ಪ

ನಮ್ಮ ಕಾಲೇಜಲ್ಲಿ ಊರು ಯಾವ್ದು ಅಂತ ಕೇಳುದ್ರೆ ಒಬ್ಳು ಮಾಗಡಿ ಅಂತಾಳೆ, ಒಬ್ಳು ದೊಡ್ಡಆಲಹಳ್ಳಿ ಅಂತಾಳೆ, ಮಿಕ್ಕೋರೆಲ್ಲ ಚನ್ನಪಟ್ಣ ಅಂತಾರೆ. ನಾನು ಮಾತ್ರ ಎದ್ದು ನಿಂತ್ಕಂಡು, ದುಪಟ್ಟ ಒಸಿ ಸರಿ ಮಾಡ್ಕಂಡು, "ನಂದು ದ್ವೀಪ ಸಾರ್" ಅಂತೀನಿ.

ಮೊದ್ಲ ದಿನ ಮೇಷ್ಟ್ರು ಕನ್ನಡಕ ತೆಗ್ದು ನನ್ನ ನೋಡುದ್ರು. "ಯಾವ ಸಮುದ್ರದಲ್ಲಮ್ಮ?" ಅಂದ್ರು.

"ಸಮುದ್ರ ಇನ್ನೂ ಬಂದಿಲ್ಲ ಸಾರ್. ಅದೊಂದ್ ಬುಟ್ಟು ಮಿಕ್ಕಿದ್ದೆಲ್ಲ ಐತೆ" ಅಂದೆ.

ಸುಳ್ಳೇನಲ್ಲ. ನನ್ನ ಮಾತಲ್ಲಿ ಒಸಿ ಉಪ್ಪು ಜಾಸ್ತಿ ಇರ್ತದೆ, ಆದ್ರೆ ಬುಡದಲ್ಲಿ ಸಾರು ಇದ್ದೇ ಇರ್ತದೆ. ಡ್ಯಾಮು ಕಟ್ದಾಗ ನೀರು ಏರ್ಕಂಡ್ ಬಂದು ಒಂದು ಗುಡ್ಡಾನ ಸುತ್ತ್ಹಾಕ್ಬುಡ್ತು. ಆ ಗುಡ್ಡದ ನೆತ್ತಿ ಮೇಲೆ ನಮ್ಮೂರು. ಎಲ್ರೂ ಗಡ್ಡೆ ಅಂತಾರೆ. ಕರೆಂಟು ಐತೆ, ಟವರ್ರು ಸಿಗ್ತದೆ, ರೋಡು ಮಾತ್ರ ಇಲ್ಲ. ಫೋನಲ್ಲಿ ಚಪ್ಲಿ ಆರ್ಡರ್ ಮಾಡುದ್ರೆ ಡೆಲಿವರಿ ಹುಡ್ಗ ಆಚೆ ದಡದಲ್ಲಿ ನಿಂತ್ಕಂಡು, "ಮೇಡಂ, ಮ್ಯಾಪಲ್ಲಿ ನಿಮ್ಮನೆ ನೀರೊಳಗೆ ತೋರಿಸ್ತೈತೆ, ಈಜ್ಕಂಡ್ ಬರ್ಬೇಕಾ" ಅಂತಾನೆ. ನಾನು "ಬ್ಯಾಡಣ್ಣ, ಮೊಸಳೆಗೆ ಇವತ್ತು ಉಪವಾಸ" ಅಂತೀನಿ. ಮೊಸಳೆ ಇಲ್ಲ. ಅವ್ನಿಗೇನ್ ಗೊತ್ತು.

ಗಡ್ಡೇಲಿ ಮನೆಗಳು ಕಮ್ಮಿ, ಗತ್ತು ಜಾಸ್ತಿ. ಯಾಕೆ ಅಂದ್ರೆ ಎಲ್ರೂ ಬೇರೆ ಬೇರೆ ಕಡೆಯಿಂದ ಬಂದೋರು, ಎಲ್ರೂ ತಾವೇ ಮೊದ್ಲು ಬಂದೋರು ಅನ್ನೋರು. ದೊಡ್ಡಜ್ಜಿ ಮನೆಯೋರು ಒಕ್ಕಲು ಮಂದಿ. ಅವ್ರ ಊರು ಕೆಳಗಡೆ ಇತ್ತು, ನೀರಲ್ಲಿ ಮುಳುಗೋಯ್ತು, ಹಸ ಹೊಡ್ಕಂಡು ರಾಗಿಕಲ್ಲು ಹೊತ್ಕಂಡು ಮೇಲಕ್ಕೆ ಹತ್ತುದ್ರು. "ನಾವೆಲ್ಲಿಂದ್ಲೂ ಬಂದಿಲ್ಲ ಕಣಮ್ಮಿ, ನೀರು ಬಂದಿದ್ದು" ಅಂತಾಳೆ ದೊಡ್ಡಜ್ಜಿ. ಆಮೇಲೆ ಮೀನು ಹಿಡಿಯೋಕೆ ತಮಿಳು ಮಾತಾಡೋರು ಬಂದ್ರು. ಅವ್ರ ಪೈಕಿ ಇವತ್ತು ಇರೋದು ಮೀನಿನ ಮಾವನ ಮನೆ. ಗಡ್ಡೆಗೆ ತೆಪ್ಪ ತಂದಿದ್ದು ಅವ್ರೇ. ಬಿದಿರಿನ ಬುಟ್ಟಿ, ತಳಕ್ಕೆ ಟಾರು ಬಳ್ದಿರೋದು, ದುಂಡಗೆ. ಅವ್ರಾದ್ಮೇಲೆ ರಾಮನಗರ ಕಡೆಯಿಂದ ರೇಷ್ಮೆ ನೂಲು ತೆಗೆಯೋರು ಬಂದ್ರು. ಆ ಮನೆ ಯಜಮಾನ್ರನ್ನ ನಾವು ರೀಲಿಂಗ್ ಚಾಚಾ ಅಂತೀವಿ. ಅವ್ರು ಗೂಡು ಬೇಯ್ಸೋಕೆ ಇಕ್ಕುದ್ರೆ ಆ ವಾಸ್ನೆಗೆ ನಮ್ಮೂರ ಸೊಳ್ಳೆಗಳು ಗಂಟುಮೂಟೆ ಕಟ್ಕಂಡು ಬೈರಮಂಗಲಕ್ಕೆ ಹೋಯ್ತವೆ.

ಕೊನೆಗೆ ಬಂದೋರು ನಾವು. ಅಪ್ಪ ಚನ್ನಪಟ್ಣದಲ್ಲಿ ಬೊಂಬೆ ಕೆಲ್ಸ ಕಲ್ತು, ಬಾಡಿಗೆ ಸಲೀಸು ಅಂತ ಲೇತು ಮಿಶಿನ್ನು ತೆಪ್ಪದಲ್ಲಿ ಏರ್ಸ್ಕಂಡು ಇಲ್ಲಿಗೆ ಬಂದ. ಆಗ ನಾನಿನ್ನೂ ಹುಟ್ಟಿರ್ನಿಲ್ಲ. ಆದ್ರೂ ನಾನೇ ಲೇತಿನ ಒಂದು ಕಡೆ ಹಿಡ್ಕಂಡಿದ್ದೆ ಅಂತ ಕಾಲೇಜಲ್ಲಿ ಹೇಳ್ಬುಟ್ಟಿದೀನಿ.

ಒಬ್ರ ಮೇಲೊಬ್ರು ಬಂದ್ರಲ್ಲ, ಎಲ್ಲ ಒಂದೇ ಎಲೆ ಮೇಲೆ ಕಾಣ್ತದೆ. ಚಾಚಾ ಗೂಡು ಬೇಯ್ಸಿ ಎಸೆಯೋ ಹುಳಾನ ಮೀನಿನ ಮಾವ ಗಾಳಕ್ಕೆ ಸಿಗ್ಸ್ತಾನೆ. ಆ ಹುಳ ತಿಂದ ಮೀನು ದೊಡ್ಡಜ್ಜಿ ಮನೆ ಮುದ್ದೆ ಪಕ್ಕಕ್ಕೆ ಬತ್ತದೆ. ಆ ಮುದ್ದೆ ತಿರುವೋ ಕೋಲು ನಮ್ಮಪ್ಪ ಲೇತಲ್ಲಿ ಕಡ್ದಿದ್ದು, ಹಿಡಿಗೆ ಮಾತ್ರ ಕೆಂಪು ಅರಗಿನ ಪಟ್ಟೆ. ಎಲೆ ತುದೀಲಿ ಆವಕಾಯಿ. ಖಾರ ಅಂದ್ರೆ ಕಿವೀಲಿ ಸೀಟಿ ಹೊಡೀತದೆ. ಈ ಆವಕಾಯಿ ಯಾರು ತಂದಿದ್ದು ಅಂತ ಮಾತ್ರ ಯಾರ್ಗೂ ಗೊತ್ತಿರ್ಲಿಲ್ಲ. ಪ್ರತಿ ಮನೆಯೋರೂ ನಮ್ದು ಅಂತಿದ್ರು. ಚಾಚಾನೂ ಅಂತಿದ್ರು.

ಇಂಥ ಊರಲ್ಲಿ ಒಂದು ಪದ್ಧತಿ ಐತೆ. ಗಡ್ಡೆಗೆ ಕೊನೆಗೆ ಬಂದ ಮನೆಯೋರು ತೆಪ್ಪ ಹಾಕ್ಬೇಕು. ಹಾಲು, ಹುಲ್ಲು, ಗೂಡಿನ ಮೂಟೆ, ಸ್ಕೂಲು ಹೈಕ್ಳು, ಮದ್ವೆ ಹೆಣ್ಣು, ಎಲ್ಲಾನೂ ಅವ್ರೇ ದಾಟಿಸ್ಬೇಕು, ಇನ್ನೊಬ್ರು ಹೊಸಬ್ರು ಬರೋ ತಂಕ. ಮೀನಿನ ಮಾವನ ಕಡೆಯೋರು ಹಾಕುದ್ರು, ಚಾಚಾ ಮನೆಯೋರು ಹಾಕುದ್ರು, ಆಮೇಲೆ ತೆಪ್ಪ ಒತ್ತೋ ಹುಟ್ಟು ನಮ್ಮನೆಗೆ ಬಂತು. ಬಂದಿದ್ದು ಬಂತು, ಹೋಗ್ಲೇ ಇಲ್ಲ. ನಮ್ಮ ಹಿಂದೆ ಯಾರೂ ಬರ್ಲೇ ಇಲ್ಲ. ಅಪ್ಪನಿಗೆ ತೆಪ್ಪ ಕಂಡ್ರೆ ತಲೆಸುತ್ತು. ದಿನವೆಲ್ಲ ಮಿಶಿನ್ನಲ್ಲಿ ಮರ ಗಿರಗಿರ ತಿರುಗ್ಸೋನಿಗೆ ತಾನು ತಿರುಗೋದು ಆಗಲ್ಲ. ಅದ್ಕೆ ಹುಟ್ಟು ಅವ್ವನ ಕೈಗೇ ಅಂಟ್ಕಂಡ್ತು.

ಅವ್ವ ಮುದ್ದೆ ಮುರಿಯೋ ಹೊತ್ತಿಗೆ ಸರಿಯಾಗಿ ಆಚೆ ದಡದಿಂದ "ಓ ತೆಪ್ಪಾ" ಅಂತ ಕೂಗು ಬತ್ತದೆ. ಅದೇನು ಮುದ್ದೆ ವಾಸ್ನೆ ಹಿಡ್ಕಂಡೇ ಬತ್ತಾರೋ ಏನೋ. ಅವ್ವ ತಟ್ಟೆ ಮೇಲೆ ತಟ್ಟೆ ಮುಚ್ಚಿ ಎದ್ದೋಯ್ತಾಳೆ. ವಾಪಸ್ ಬರೋ ಹೊತ್ತಿಗೆ ಮುದ್ದೆ ಕ್ರಿಕೆಟ್ ಬಾಲು. ನಾನು ಹೋಯ್ತೀನಿ ಬುಡವ್ವ ಅಂದ್ರೆ, "ನೀನು ಬಿಸೀದು ಉಣ್ಣು, ನಂಗೆ ಅಭ್ಯಾಸ ಆಗ್ಬುಟ್ಟೈತೆ" ಅಂತಾಳೆ.

ವರ್ಷಕ್ಕೊಂದು ದಿನ ನೀರೂಟ ಅಂತ ಮಾಡ್ತೀವಿ. ಡ್ಯಾಮು ತುಂಬಿ, ನೀರು ಅರಳಿಕಟ್ಟೆ ಮೆಟ್ಲು ಮುಟ್ಟಿದ ಮೇಲೆ ಬರೋ ಭಾನುವಾರ. ಕಟ್ಟೆ ಮುಂದೆ ಎಲ್ರೂ ಪಂಕ್ತೀಲಿ ಕೂತ್ಕಂಡು ಉಣ್ಬೇಕು, ಬಂದ ಸರದಿ ಪ್ರಕಾರ. ಮೊದ್ಲು ಒಕ್ಕಲೋರು, ಆಮೇಲೆ ಮೀನಿನೋರು, ಆಮೇಲೆ ನೂಲಿನೋರು. ನಮ್ಮ ಜಾಗ ಕೊನೇದು. ಅಲ್ಲಿ ಅಪ್ಪ, ನಾನು, ಪಕ್ಕದಲ್ಲಿ ಒಂದು ಖಾಲಿ ಎಲೆ. ಅವ್ವ ಆವತ್ತೆಲ್ಲ ನೆಂಟ್ರನ್ನ ದಾಟಿಸ್ತಾ ಇರ್ತಾಳೆ, ಆವತ್ತು ಹುಟ್ಟು ಕೈ ಬದಲಾಯ್ಸಂಗಿಲ್ಲ. ಕೊನೇ ತೆಪ್ಪ ಕಟ್ಟಿ ಬಂದ್ಮೇಲೆ, ಪಾತ್ರೆ ತೊಳೆಯೋರ ಪಕ್ಕ ಕೂತ್ಕಂಡು ತಂಗಳು ಉಣ್ತಾಳೆ. ಒಂದ್ಸಲ ಹಂಗೆ ಉಣ್ತಾ, ನೀರು ನೋಡ್ಕಂಡು, "ಪಂಕ್ತೀಲಿ ಕೂತು ಬಿಸಿ ಮುದ್ದೆ ಉಂಡ್ರೆ ಎಂಗಿರ್ತದೋ" ಅಂದ್ಲು. ನಂಗೆ ಹೇಳಿದ್ದಲ್ಲ. ಮುದ್ದೆಗೇ ಹೇಳಿದ್ಲು ಅನ್ಸ್ತದೆ. ಆದ್ರೆ ಕೇಳುಸ್ಕಂಡಿದ್ದು ನಾನು.

ಹೋದ್ ವರ್ಷ ಯುಗಾದಿ ಆದ್ಮೇಲೆ ರಾಯಚೂರು ಕಡೆಯ ಗಂಡ ಹೆಂಡ್ತಿ ಗಡ್ಡೆಗೆ ಬಂದ್ರು. ಗಂಡನಿಗೆ ಬಿಡದಿ ಫ್ಯಾಕ್ಟ್ರೀಲಿ ಕೆಲ್ಸ, ಶಿಫ್ಟು. ಬೈಕು ಆಚೆ ದಡದಲ್ಲಿ ನಿಲ್ಸಿ ಬತ್ತಿದ್ದ. ಹೆಂಡ್ತಿ ಮನೇಲಿ ಜೋಳದ ರೊಟ್ಟಿ ತಟ್ಟಿ ಚನ್ನಪಟ್ಣದ ಹೈವೇ ಅಂಗಡಿಗೆ ಕೊಡ್ತಿದ್ಲು. ನಾನು ರೊಟ್ಟಿ ಅಕ್ಕ ಅಂತ ಹೆಸರಿಟ್ಟೆ. ಮೊದ್ಲ ದಿನ ಅವ್ವನ ತೆಪ್ಪಕ್ಕೆ ಹತ್ದಾಗ ಆವಕ್ಕ ಕಣ್ಣು ಮುಚ್ಚಿ, ತಳದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಕಾಲು ತಬ್ಕಂಡ್ಬುಡ್ತು. ಇವತ್ತಿಗೂ ಆ ಕಾಲು ಒಸಿ ಉದ್ದ ಐತೆ.

"ಯಾಕಕ್ಕ ಈಟೊಂದು ಹೆದ್ರಿಕೆ?" ಅಂದೆ.

"ನಮ್ಮೂರಾಗ ನೀರಂದ್ರ ಟ್ಯಾಂಕರ್ನ್ಯಾಗ ಬರೋದು ತಂಗಿ. ಹಿಂಗ ನೆಲದ ಮ್ಯಾಲೆ ಬಿದ್ದಿರೂದು ನಾ ನೋಡೇ ಇಲ್ಲ."

ನಾನು ಆವತ್ತೇ ಲೆಕ್ಕ ಹಾಕ್ಬುಟ್ಟೆ. ಹೊಸಬ್ರು ಬಂದ್ರು, ಹುಟ್ಟು ಹೋಯ್ತು, ಅವ್ವ ಪಂಕ್ತೀಲಿ ಕೂತ್ಲು. ನೇರ ದೊಡ್ಡಜ್ಜಿ ತಾವ ಹೋದೆ. ಗಡ್ಡೇಲಿ ಯಾವ ನ್ಯಾಯ ಇದ್ರೂ ಆಯಮ್ಮನೇ ಜಡ್ಜು. ಕೋರ್ಟು ಅರಳಿಕಟ್ಟೆ, ವಕೀಲಿಕೆ ಎಲೆ ಅಡಿಕೆ.

"ಅಜ್ಜಿ, ಹೊಸ ಮನೆಯೋರು ಬಂದವ್ರೆ. ಹುಟ್ಟು ಯಾವಾಗ ಕೊಡೋದು?"

ದೊಡ್ಡಜ್ಜಿ ಹಲ್ಲಿಲ್ಲದ ಬಾಯಲ್ಲಿ ಎಲೆ ಅಡಿಕೆ ಆಡಿಸ್ತಾ ಕೂತಿತ್ತು. "ಯಾರಮ್ಮಿ ಬಂದಿರೋದು? ಅವ್ರು ನೆಂಟ್ರು" ಅಂತು.

"ನೆಂಟ್ರು ಬಾಡಿಗೆ ಕಟ್ತಾರಾ ಅಜ್ಜಿ?"

"ಕಟ್ಟುದ್ರೆ ಕಟ್ಲಿ. ಒಲೆ ಹೊಗೆ ನೀರ ಮೇಲೆ ಕಂಡ್ರೆ ಬಂದಂಗೆ. ಅವ್ರ ಮನೆ ಹೊಗೆ ಎಲ್ಲೈತೆ?"

ಇದೊಂದು ಗಡ್ಡೆ ಕಾನೂನು. ಹಳೇ ಕಾಲದಲ್ಲಿ ಯಾರು ಒಲೆ ಹೂಡುದ್ರು ಅವ್ರು ಉಳ್ಕಂತಾರೆ, ಹೂಡ್ದೇ ಇರೋರು ಹೋಗ್ಬುಡ್ತಾರೆ ಅಂತ ಲೆಕ್ಕ. ರೊಟ್ಟಿ ಅಕ್ಕಂದು ಗ್ಯಾಸು. ಹೊಗೆ ಎಲ್ಲಿಂದ ತರಾದು? ಈಗ ದೊಡ್ಡಜ್ಜಿ ಮನೇಲೂ ಗ್ಯಾಸೇ ಇರೋದು. ಅಂಗಂದೆ. "ನಮ್ದು ಹೊಗೆ ಆಗ್ಲೇ ಎದ್ದು ಹೋಗೈತೆ ಕಣಮ್ಮಿ, ದಿನಾ ಏಳ್ಬೇಕಾ?" ಅಂತು. ಇದ್ಕೆ ನಮ್ಮ ಕಾಲೇಜಲ್ಲಿ ಲಾಜಿಕ್ಕು ಅಂತ ಒಂದು ಪಾಠ ಇದ್ರೆ ದೊಡ್ಡಜ್ಜೀನೇ ಲೆಕ್ಚರರ್ರು.

ಡ್ಯಾಮಿಗೆ ನೀರು ಬರೋಕೆ ಶುರುವಾಯ್ತು. ನೀರು ಕಟ್ಟೆ ಮೆಟ್ಲು ಹತ್ರ ಬಂದಂಗೆಲ್ಲ ನಂಗೆ ಒಂದೇ ಯೋಚ್ನೆ. ಈ ವರ್ಷನೂ ಆ ಎಲೆ ಖಾಲಿ ಇರ್ತದಲ್ಲ ಅಂತ. ಒಂದಿನ ರೊಟ್ಟಿ ಅಕ್ಕನ ಮನೆಗೆ ಹೋಗಿ, ಒಂದು ರೊಟ್ಟಿ ತಿಂದು, ಮೂತಿ ಒಸಿ ಹಿಂಗೆ ಮಾಡ್ದೆ.

"ಯಾಕ್ ತಂಗಿ, ಚೊಲೋ ಆಗಿಲ್ಲೇನು?"

"ಚೆಂದಾಗೈತೆ ಅಕ್ಕ. ಆದ್ರೂ ಗ್ಯಾಸಿಂದು ಗ್ಯಾಸಿಂದೇ."

ಆವಕ್ಕನ ಮುಖ ಸಣ್ಣಗಾಯ್ತು. "ಖರೇ ಹೇಳಿದಿ ನೋಡು. ಕಟಿಗಿ ಒಲಿ ಮ್ಯಾಲಿನ ರೊಟ್ಟಿ ರುಚಿನೇ ಬ್ಯಾರೆ. ಆದ್ರ ಈ ನೀರಾಗ ಕಟಿಗಿ ಎಲ್ಲಿ ತರ್ಲಿ?"

ಈ ಮಾತಿಗೇ ನಾನು ಕಾದಿದ್ದು. ಅಪ್ಪನ ಲೇತಿನ ಕೆಳಗೆ ಹಾಲೆ ಮರದ ಹೊಟ್ಟು ಗುಡ್ಡೆ ಬಿದ್ದಿತ್ತು. ಒಂದು ಮೂಟೆ ತುಂಬ್ಕಂಡು ಹೋದೆ. ಅಂಗಳದಲ್ಲಿ ಮೂರು ಕಲ್ಲು ಇಟ್ವು, ಹೆಂಚು ಮಡಗುದ್ವು, ಬೆಂಕಿ ಹಾಕುದ್ವು. ಹೊಟ್ಟಲ್ಲಿ ಬೊಂಬೆಗೆ ಹಚ್ಚೋ ಅರಗಿನ ಚೂರು ಸೇರ್ಕಂಡಿರ್ತದೆ, ಕೆಂಪು, ಹಳದಿ, ಹಸಿರು, ಅದು ನಂಗೆ ಗ್ಯಾನ ಇರ್ಲಿಲ್ಲ. ಮೊದ್ಲು ಒಸಿ ಬುಸ್ ಅಂತು. ಆಮೇಲೆ ಎದ್ದಿದ್ದು ಹೊಗೆ ಅಲ್ಲ, ಹೊಗೆಯ ಜಾತ್ರೆ. ಸಿಹಿ ಸಿಹಿ ವಾಸ್ನೆ, ದಪ್ಪ ಕಂಬಳಿ ಹಂಗೆ ನೀರ ಮೇಲೆ ಹಾಸ್ಕಂಡ್ತು. ರಾಮನಗರದ ಬೆಟ್ಟದಲ್ಲಿರೋ ರಣಹದ್ದುಗಳು ಕೆಮ್ಮಿದ್ದು ನಂಗೆ ಕೇಳುಸ್ತು. ಚಾಚಾ ಗೂಡಿನ ಒಲೆಗೇ ಬೆಂಕಿ ಬಿತ್ತು ಅಂತ ಬಕೆಟ್ಟು ಹಿಡ್ಕಂಡು ಓಡಿ ಬಂದ್ರು. "ಎಲ್ಲಿ ಬೇಟಿ, ಎಲ್ಲಿ ಬೆಂಕಿ?" ಅಂತಾವ್ರೆ, ನಾನು ರೊಟ್ಟಿ ತೋರಿಸ್ತಾ ಇದೀನಿ. ಮೀನಿನ ಮಾವ ತೆಪ್ಪದಲ್ಲೇ ನಿಂತ್ಕಂಡು ಆ ಕಡೆಯಿಂದ ನೋಡ್ತಾವ್ನೆ.

ದೊಡ್ಡಜ್ಜಿ ಕೋಲೂರ್ಕಂಡು ನಿಧಾನಕ್ಕೆ ಬಂತು. ಹೊಗೆ ನೋಡ್ತು. ನೀರು ನೋಡ್ತು. ನನ್ನ ಕೈಗೆ ಅಂಟಿದ್ದ ಕೆಂಪು ಅರಗು ನೋಡ್ತು.

"ಬಂದ್ರು ಬುಡು" ಅಂತು.

ರೊಟ್ಟಿ ಅಕ್ಕ ಕಣ್ಣೊರೆಸ್ಕಂತಾ, "ಯಾರ್ ಬಂದ್ರು ರೀ?" ಅಂತು.

"ನೀವೇ ಅಕ್ಕ. ಇವತ್ತು ನೀವು ಗಡ್ಡೆಗೆ ಬಂದ್ರಿ" ಅಂದೆ.

"ನಾವು ಬಂದು ಭಾಳ ದಿನಾ ಆತಲ್ಲ ತಂಗಿ. ನಿಮ್ಮವ್ವನೇ ಕರ್ಕೊಂಡ್ ಬಂದಾರ."

"ಅದು ಲೆಕ್ಕಕ್ಕಿಲ್ಲ" ಅಂತು ದೊಡ್ಡಜ್ಜಿ. ಆಮೇಲೆ ಹುಟ್ಟಿನ ವಿಷ್ಯ ಹೇಳ್ತು. ಆವಕ್ಕನ ಕೈಲಿದ್ದ ರೊಟ್ಟಿ ಹೆಂಚಿನ ಮೇಲೆ ಮಡಚ್ಕಂಡ್ ಬಿತ್ತು.

ಸುಮ್ಕೆ ಹುಟ್ಟು ಕೊಟ್ರೆ ಆಗಲ್ಲ. ಕೊಡೋರು ಕಲಿಸ್ಬೇಕು. ಕಲ್ತೋರು ಊರಲ್ಲಿ ಎಲ್ರಿಗಿಂತ ವಯಸ್ಸಾದೋರನ್ನ ಆಚೆ ದಡ ಮುಟ್ಟಿಸಿ ವಾಪಸ್ ಕರ್ಕಂಡು ಬರ್ಬೇಕು, ಸೀರೆ ಅಂಚು ನೆನೀಬಾರ್ದು. ನೆಂದ್ರೆ ಹುಟ್ಟು ಹಳೇ ಮನೇಲೇ ಉಳೀತದೆ, ಮುಂದಿನ ವರ್ಷದ ತಂಕ. ವಯಸ್ಸಾದೋರು ಅಂದ್ರೆ ದೊಡ್ಡಜ್ಜಿ. ಪರೀಕ್ಷೆ ಮಾಡೋದೂ ಅದೇ, ಪ್ರಶ್ನೆ ಪತ್ರಿಕೆನೂ ಅದೇ.

ಅವ್ವ ಮಾರನೇ ದಿನದಿಂದಾನೇ ಪಾಠ ಶುರು ಮಾಡುದ್ಲು. ತೆಪ್ಪ ಹಾಕೋಕೆ ಒಂದು ಭಾಷೆ ಐತೆ, ಅದು ನಮ್ಮೂರ್ದೇ. ನಿಧಾನ ಅನ್ನೋಕೆ "ಮೆದುವಾ" ಅಂತೀವಿ, ಅದು ಮೀನಿನೋರ ಮಾತು. ನೇರ ಹೋಗು ಅನ್ನೋಕೆ "ಸೀದಾ", ನಿಲ್ಸು ಅನ್ನೋಕೆ "ಬಸ್", ಅವು ಚಾಚಾ ಮನೆಯೋರ್ದು. "ಒತ್ತು" ದೊಡ್ಡಜ್ಜಿ ಕಾಲದ್ದು. ಅವ್ವನಿಗೆ ಇವೆಲ್ಲ ಬೇರೆ ಬೇರೆ ಭಾಷೆ ಅಂತಾನೇ ಗೊತ್ತಿಲ್ಲ, ತೆಪ್ಪದ ಭಾಷೆ ಅಂದ್ಕಂಡವ್ಳೆ. ನಾನೂ ಚಿಕ್ಕೋಳಿದ್ದಾಗ ಹಂಗೇ ಅಂದ್ಕಂಡು, ಬಸ್ ಕಂಡಕ್ಟರ್ ಬಸ್ ಬಸ್ ಅಂದ್ರೆ ಅವ್ನೂ ಮುಂಚೆ ತೆಪ್ಪ ಓಡ್ಸಿದ್ದವ್ನು ಅಂತ ತಿಳ್ಕಂಡಿದ್ದೆ.

"ಮೆದುವಾ ಒತ್ತು ಕಣವ್ವ, ಸೀದಾ, ಸೀದಾ" ಅಂತ ಅವ್ವ. "ಏನಂತೀರಿ ಅಕ್ಕಾರ, ತಿಳೀವಲ್ದು" ಅಂತ ಆವಕ್ಕ. ತೆಪ್ಪ ಮಾತ್ರ ಇದ್ದ ಜಾಗದಲ್ಲೇ ಗಿರಗಿರ. ಅಪ್ಪ ದಡದಲ್ಲಿ ನಿಂತು ನೋಡ್ತಿದ್ದವ್ನು ವಾಂತಿ ಬತ್ತದೆ ಅಂತ ಒಳಿಕ್ಕೋದ. ತೆಪ್ಪದಲ್ಲಿ ತೂಕಕ್ಕೆ ಅಂತ ನನ್ನ ಕೂರಿಸ್ಕಂಡಿದ್ರು. ಚನ್ನಪಟ್ಣದ ಕಡೆ ದಡಕ್ಕೆ ಹೊಂಟೋಳು ಕನಕಪುರದ ಕಡೆ ನೋಡ್ದೆ, ಮಾಗಡಿ ಕಡೆ ನೋಡ್ದೆ, ಮತ್ತೆ ಚನ್ನಪಟ್ಣ ನೋಡ್ದೆ. ಟಿಕೆಟ್ ಇಲ್ದೆ ಇಡೀ ಜಿಲ್ಲೆ ಟೂರು. ಕಣ್ಣು ಬುಟ್ಟು ನೋಡು ಅಂದ್ರೆ ಆವಕ್ಕ ಒಂದು ಕಣ್ಣು ಮಾತ್ರ ಬುಡೋದು.

ದಿನಾ ಇದೇ ಆಯ್ತು. ನೀರು ಕಟ್ಟೆ ಮೆಟ್ಲಿಗೆ ಒಂದು ಮೊಳ ಇರೋವಾಗ ಅವ್ವ ಹುಟ್ಟು ಗೋಡೆಗೆ ಒರಗಿಸಿ, "ಪಾಪ, ಅವ್ಳಿಗೆ ಆಗಲ್ಲ ಕಣಮ್ಮಿ. ಭಯ ಇರೋರ್ನ ಯಾಕೆ ಗೋಳ್ಹುಯ್ಕಳದು. ನಾನೇ ಹಾಕ್ತೀನಿ ಬುಡು" ಅಂದ್ಲು. ದನಿ ಎಂದಿನಂಗೇ ಇತ್ತು. ಆದ್ರೆ ಆವತ್ತು ಮುದ್ದೆ ಮುರಿಯೋವಾಗ ಆಚೆ ದಡದಿಂದ ಕೂಗು ಬರ್ಲಿಲ್ಲ, ಅವ್ವ ಮಾತ್ರ ಕೂಗು ಬಂದೋರಂಗೆ ಬಾಗ್ಲು ಕಡೆ ನೋಡ್ಕಂಡು ಕೂತಿದ್ಲು, ಮುದ್ದೆ ತಂಗಳಾಗೋ ತಂಕ.

ಮಾರನೇ ದಿನ ಹುಟ್ಟು ಬ್ಯಾಡ ಅಂತ ಹೇಳೋಕೆ ಅವ್ವ ರೊಟ್ಟಿ ಅಕ್ಕನ ಮನೆಗೆ ಹೋದ್ಲು. ರೊಟ್ಟಿ ತಿನ್ನೋಕೆ ನಾನೂ ಹೋದೆ. ಆವಕ್ಕ ರೊಟ್ಟಿ ತಟ್ತಾ ಇತ್ತು. ಬಲಗೈ ತಪತಪ ತಟ್ಟದು, ಎಡಗೈ ರೊಟ್ಟಿನ ಒಸಿ ಒಸಿ ತಿರುಗಿಸ್ತಾ ಹೋಗದು. ರೊಟ್ಟಿ ಚಕ್ರದಂಗೆ ಸುತ್ತುತಾ ದೊಡ್ಡದಾಯ್ತಿತ್ತು. ಅವ್ವ ಹೇಳೋಕೆ ಬಂದಿದ್ದ ಮಾತು ಬುಟ್ಟು ಆ ಕೈನೇ ನೋಡ್ತಾ ನಿಂತ್ಕಂಡ್ಲು.

"ಎಲ್ಲಿ, ಇನ್ನೊಂದು ತಟ್ಟು ನೋಡ್ವ" ಅಂದ್ಲು. ತಟ್ತು. "ಇನ್ನೊಂದು." ತಟ್ತು.

ನಾನು ಮನಸಲ್ಲೇ, ಅವ್ವನಿಗೆ ಹಸಿವಾಗಿರ್ಬೇಕು ಅಂದ್ಕಂಡೆ.

"ಲೇ ಅಮ್ಮಿ, ಇವ್ಳು ತೆಪ್ಪದಲ್ಲಿ ರೊಟ್ಟಿ ತಟ್ತಾವ್ಳೆ ಕಣೆ" ಅಂದ್ಲು ಅವ್ವ. "ನೋಡು, ಬಲಗೈ ಒತ್ತದು, ಎಡಗೈ ತಿರುವದು. ಹುಟ್ಟು ಹಿಡ್ಕಂಡ್ರೂ ಅದೇ ಮಾಡ್ತಾಳೆ. ತೆಪ್ಪ ದುಂಡಗೈತೆ, ಇವ್ಳ ಕೈಗೆ ಅದು ರೊಟ್ಟಿನೇ."

ರೊಟ್ಟಿ ಅಕ್ಕ ತನ್ನ ಎಡಗೈ ಎತ್ತಿ, ಬೇರೆ ಯಾರ್ದೋ ಕೈ ಅನ್ನಂಗೆ ನೋಡ್ಕಂಡ್ತು. "ಹೌದಲ್ರೀ ಅಕ್ಕಾರ. ಸಣ್ಣಕ್ಕಿದ್ದಾಗಿಂದ ಈ ಕೈಗೆ ಇದೊಂದೇ ಗೊತ್ತು."

"ರೊಟ್ಟಿ ತಿರುಗ್ಬೇಕು, ತೆಪ್ಪ ತಿರುಗ್ಬಾರ್ದು. ಆಟೇ ಕಣವ್ವ. ಬಾ."

ಎಡಗೈ ತಿರುವಂಗೆ ಮಾಡುದ್ರೆ ನಾನು "ರೊಟ್ಟಿ" ಅಂತ ಕೂಗ್ಬೇಕು, ಅದು ನನ್ನ ಡ್ಯೂಟಿ. ಮೊದ್ಲ ದಿನ ಗಂಟಲು ಕಟ್ಕಂಡೋಯ್ತು. ಆಚೆ ದಡದಲ್ಲಿ ಒಬ್ಬ ರೊಟ್ಟಿ ಮಾರ್ತಾವ್ರೆ ಅಂತ ಬಂದು ಕಾಯ್ತಾ ನಿಂತಿದ್ದ. ಆದ್ರೆ ತೆಪ್ಪ ಸೀದಾ ಹೋಯ್ತು. ಒಸಿ ಕುಡಿದೋರಂಗೆ ಅತ್ತಿತ್ತ, ಆದ್ರೂ ಸೀದಾ. ಆಮೇಲಾಮೇಲೆ ಆವಕ್ಕ ಎರಡು ಕಣ್ಣೂ ಬುಡೋಕೆ ಶುರು ಮಾಡ್ತು.

ಪರೀಕ್ಷೆ ನೀರೂಟಕ್ಕೆ ಮುಂಚಿನ ದಿನ, ಶನಿವಾರ ಸಾಯಂಕಾಲ. ದೊಡ್ಡಜ್ಜಿ ಹೊಸ ಸೀರೆ ಉಟ್ಕಂಡು ಬಂತು, ಅಂಚು ಅಂಗೈ ಅಗ್ಲ, ನೆಂದ್ರೆ ಚನ್ನಾಗಿ ಕಾಣ್ಲಿ ಅಂತಾನೇ ಇರ್ಬೇಕು. ನಾನು ಎದುರಿಗೆ ತೂಕಕ್ಕೆ. ಅವ್ವ ದಡದಲ್ಲೇ ನಿಂತ್ಲು. ಮಾತಾಡಂಗಿಲ್ಲ, "ರೊಟ್ಟಿ" ಅನ್ನಂಗೂ ಇಲ್ಲ. ನಾನು ಬಾಯಿ ಮುಚ್ಕಂಡಿದ್ದಕ್ಕೆ ಸಾಕ್ಷಿ ಬೇಕಾದ್ರೆ ದೊಡ್ಡಜ್ಜೀನೇ ಕೇಳಿ, ಅದಕ್ಕೂ ನಂಬಿಕೆ ಬಂದಿಲ್ಲ.

ಹೋಗೋವಾಗ ನೆಟ್ಟಗೇ ಹೋದ್ವು. ವಾಪಸ್ ಬರೋವಾಗ ನಡುನೀರಲ್ಲಿ ಗಾಳಿ ಎದ್ದು ತೆಪ್ಪ ಒಂದು ಸುತ್ತು ಹೊಡೀತು. ರೊಟ್ಟಿ ಅಕ್ಕ ಎರಡು ಕಣ್ಣೂ ಮುಚ್ಕಂಡ್ತು. "ಯವ್ವಾ, ನನಗಾಗಂಗಿಲ್ರೀ" ಅಂದು ಹುಟ್ಟು ಮಡಿಲಿಗೆ ಎಳ್ಕಂಡ್ತು. ನಾನು ಅವ್ವನ ಕಡೆ ನೋಡ್ದೆ. ದಡದಲ್ಲಿ ಅವ್ವ ಚಿಕ್ಕದಾಗಿ ಕಾಣ್ತಿದ್ಲು, ಎರಡು ಕೈಯಲ್ಲೂ ಗಾಳಿಗೆ ಹುಟ್ಟು ಹಾಕ್ತಾ.

ದೊಡ್ಡಜ್ಜಿ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಾಯಿಸ್ತು. "ಅವಸ್ರ ಇಲ್ಲ, ಕೂತ್ಕ ಮಗಾ. ನಾನೂ ಇಂಗೇ ಹೆದ್ರಿದ್ದೋಳೇ" ಅಂತು.

ನಾನು ಬಾಯಿ ತೆಗೀಬಾರ್ದು. ಆದ್ರೂ ತೆಗ್ದೆ. "ನೀನ್ಯಾವಾಗ ಹುಟ್ಟು ಹಾಕ್ದೆ ಅಜ್ಜಿ? ನೀವು ಮೊದ್ಲು ಬಂದೋರಲ್ವಾ?"

"ಯಾರಮ್ಮಿ ಅಂದಿದ್ದು? ನಾವು ನೀರು ಬಂತು ಅಂತ ಹತ್ಕಂಡ್ ಬಂದಾಗ ಇಲ್ಲಿ ಮಾವಿನ ತೋಪಿತ್ತು. ಕಾವಲಿನೋನ ಗುಡ್ಲಿತ್ತು. ತೆಲುಗಿನೋನು. ನೀವು ಕೊನೆಗೆ ಬಂದಿದೀರಿ, ನೀರಿನ ಕೆಲ್ಸ ನಿಮ್ದು ಅಂದ. ತೆಪ್ಪ ಎಲ್ಲಿತ್ತು ಆಗ? ಬಾಳೆದಿಂಡು ಕಟ್ಕಂಡು ನಾನೇ ಓಡಾಡ್ಸಿದ್ದು. ಆಗ ನಂಗೆ ನಿನ್ನಂಗೇ ವಯಸ್ಸು, ನಿನ್ನಟು ಬಾಯಿ ಇರ್ನಿಲ್ಲ."

"ಆಮೇಲೆ ಅವ್ನು?"

"ಮಕ್ಕಳ ಊರಿಗೆ ಹೋದ. ಹೋಗೋವಾಗ ಒಂದು ಜಾಡಿ ಆವಕಾಯಿ ಬುಟ್ಟು, ಹಾಕೋದು ಎಂಗೆ ಅಂತ ನಮ್ಮವ್ವಂಗೆ ಹೇಳ್ಕೊಟ್ಟೋದ."

ಇಡೀ ಊರು ಜಗಳ ಆಡ್ತಿದ್ದ ಆವಕಾಯಿ ಅಷ್ಟು ಸಲೀಸಾಗಿ ನಡುನೀರಲ್ಲಿ ಬಿತ್ತು. ನಂಗೆ ಅದನ್ನ ಯಾರ್ಗಾದ್ರೂ ಹೇಳ್ಬೇಕು, ಈಗ್ಲೇ ಹೇಳ್ಬೇಕು, ಆದ್ರೆ ದಡ ದೂರ. "ಅಕ್ಕ, ಬೇಗ ಒತ್ತಕ್ಕ" ಅಂದೆ.

ರೊಟ್ಟಿ ಅಕ್ಕ ದೊಡ್ಡಜ್ಜಿ ಮುಖ ನೋಡ್ತು. "ನೀವೂ ಅಂಜಿದ್ರೇನ್ರೀ ಅಜ್ಜಿ?"

"ಬಾಳೆದಿಂಡಿಗೆ ಅಂಚು ಇರಲ್ಲ ಕಣವ್ವ. ನನ್ನ ಸೀರೆ ಮಂಡಿಗಂಟ ನೆನೀತಿತ್ತು. ಒತ್ತು."

ಒತ್ತುತು. ಎಡಗೈ ಒಂದ್ಸಲ ತಿರುವೋಕೆ ಹೋಯ್ತು, ಆವಕ್ಕ ತಾನೇ "ರೊಟ್ಟಿ" ಅಂತ ಬೈಕಂಡು ನೆಟ್ಟಗೆ ಮಾಡ್ಕಂಡ್ತು. ದಡಕ್ಕೆ ತಗಲಿದಾಗ ಎಲ್ರೂ ಬಗ್ಗಿ ಸೀರೆ ಅಂಚು ನೋಡುದ್ರು. ಒಂದು ಮೂಲೆ ನೆಂದಿತ್ತು. ನಾನು ನೋಡ್ದೆ, ಮೀನಿನ ಮಾವನೂ ನೋಡ್ದ. ದೊಡ್ಡಜ್ಜಿ ಆ ಮೂಲೆ ಎತ್ತಿ ಸೊಂಟಕ್ಕೆ ಸಿಗ್ಸ್ಕಂಡು, "ಎಲೆ ಅಡಿಕೆ ಉಗುಳು ಬಿದ್ದೈತೆ. ನೋಡದ್ನೇನು ನೋಡೀರಿ, ಹೋಗಿ" ಅಂತು.

ಭಾನುವಾರ ನೀರು ಮೆಟ್ಲು ಮೇಲೆ ತಣ್ಣಗೆ ಮಲಗಿತ್ತು. ಅಪ್ಪ ಹೊಸ ಮುದ್ದೆ ಕೋಲು ಕೊಟ್ಟಿದ್ದ. ಚಾಚಾ ಮನೆ ಕುಷ್ಕ ಬಂತು, ಮೀನಿನ ಮಾವನ ಮನೆ ಸಾರು ಬಂತು. ಆವಕಾಯಿ ಯಾರ್ದು ಅಂತ ನಾನು ಹೇಳ್ದೆ, ಯಾರೂ ನಂಬ್ಲಿಲ್ಲ. ನಿಜ ಹೇಳಿದಾಗ್ಲೇ ನನ್ನ ಯಾರೂ ನಂಬಲ್ಲ. ಪಂಕ್ತಿ ಕೂತ್ಕಂಡ್ತು. ನಮ್ಮ ಸಾಲಿನ ಆಚೆ ಈಗ ಇನ್ನೊಂದು ಸಾಲು, ಅಲ್ಲಿ ರೊಟ್ಟಿ ಅಕ್ಕನ ಗಂಡ, ಪಕ್ಕದಲ್ಲಿ ಖಾಲಿ ಎಲೆ. ನಮ್ಮ ಸಾಲಲ್ಲಿ ಎಲೆ ಖಾಲಿ ಇರ್ಲಿಲ್ಲ. ಅವ್ವ ಹಬ್ಬದ ಸೀರೆ ಉಟ್ಕಂಡು, ಕೈಯೆಲ್ಲಿ ಮಡಗ್ಬೇಕು ಅಂತ ಗೊತ್ತಾಗ್ದೆ, ಮಂಡಿ ಮೇಲೆ ಮಡಗಿ, ತೆಗ್ದು, ಮತ್ತೆ ಮಡಗಿ ಕೂತಿದ್ಲು.

ಮುದ್ದೆ ಬಂದು ಎಲೆ ಮೇಲೆ ಕೂತ್ಕಂಡ್ತು. ಹೊಗೆ ಆಡ್ತಾ ಇತ್ತು.

ಸರಿಯಾಗಿ ಆಗ್ಲೇ ನೀರ ಮೇಲಿಂದ ನೆಂಟ್ರ ಕಿರುಚಾಟ. ತೆಪ್ಪ ತುಂಬ ಮಂದಿ, ನಡುನೀರಲ್ಲಿ ಗಿರಗಿರ. ಪಂಕ್ತೀಲಿದ್ದೋರೆಲ್ಲ ನೀರು ನೋಡುದ್ರು, ಆಮೇಲೆ ಎಲ್ರೂ ಅವ್ವನ್ನ ನೋಡುದ್ರು. ಅವ್ವನ ಬಲಗಾಲು ಏಳೋಕೆ ಅಂತ ಆಗ್ಲೇ ನೆಲಕ್ಕೆ ಊರ್ಕಂಡಿತ್ತು. ನಾನು ಸೆರಗು ಹಿಡ್ಕಂಡೆ. ಜೋರಾಗಿ ಹಿಡ್ದೆ ಅನ್ನಂಗಿಲ್ಲ, ಆದ್ರೆ ಪಿನ್ನು ಕಿತ್ತೋಯ್ತು.

ಅವ್ವ ಏಳ್ಲಿಲ್ಲ. ಕೂತಲ್ಲಿಂದ್ಲೇ ಕತ್ತು ಎತ್ತಿ, "ರೊಟ್ಟೀ" ಅಂತ ಕೂಗುದ್ಲು.

ಆಚೆಯಿಂದ, "ಹೂನ್ರೀ ಅಕ್ಕಾರ" ಅಂತ ಬಂತು. ತೆಪ್ಪ ಇನ್ನೊಂದು ಅರ್ಧ ಸುತ್ತು ಹೊಡ್ದು ನೆಟ್ಟಗಾಯ್ತು. ಸೀದಾ ಬರೋಕೆ ಶುರು ಮಾಡ್ತು.

ಅವ್ವ ಕಾಲು ಮಡಚ್ಕಂಡು ಮುದ್ದೆಗೆ ಕೈ ಇಕ್ಕುದ್ಲು. ಇಕ್ಕಿದ್ದೇ ತಡ, "ಅಯ್" ಅಂತ ಕೈ ಕಿತ್ಕಂಡು ಬೆರಳು ಬಾಯಿಗೆ ಇಟ್ಕಂಡ್ಲು. ಬಿಸಿ ಮುದ್ದೆ ಮುರಿಯೋ ಮುಂಚೆ ಬೆರಳು ಸಾರಲ್ಲಿ ಅದ್ದಬೇಕು ಅಂತ ಎರಡು ವರ್ಷದ ಕೂಸಿಗೂ ಗೊತ್ತು. ನಮ್ಮವ್ವನಿಗೆ ಮರ್ತೋಗಿತ್ತು.

"ಸಾರಲ್ಲಿ ಅದ್ದಮ್ಮಿ" ಅಂತು ಆ ತುದಿಯಿಂದ ದೊಡ್ಡಜ್ಜಿ. "ನಂಗೂ ಮೊದ್ಲ ವರ್ಷ ಹಂಗೇ ಸುಟ್ಟಿತ್ತು."

ನೆಂಟ್ರೆಲ್ಲ ಇಳ್ದು, ತೆಪ್ಪ ಕಟ್ಟಿ ರೊಟ್ಟಿ ಅಕ್ಕ ಬರೋ ಹೊತ್ತಿಗೆ ಪಂಕ್ತಿ ಎದ್ದೋಗಿತ್ತು. ಅವ್ವ ಮಾತ್ರ ಆವಕ್ಕನ ಎಲೆ ಮುಂದೆ ಕಾಯ್ಕಂಡು ಕೂತಿದ್ಲು. "ನಿನ್ನ ಮುದ್ದೆ ತಂಗಳಾಯ್ತಲ್ಲವ್ವ. ತಡೀ, ಇನ್ನೊಂದು ತಿರುವಿಸ್ತೀನಿ" ಅಂದ್ಲು.

"ಬ್ಯಾಡ್ರೀ ಅಕ್ಕಾರ" ಅಂತ ಆವಕ್ಕ ಸೊಂಟದ ಗಂಟು ಬಿಚ್ತು. ಖಡಕ್ ರೊಟ್ಟಿ, ಹಪ್ಪಳದಂಗೆ ತೆಳ್ಳಗೆ, ಒಂದು ಕಟ್ಟು ಇತ್ತು. "ಇದು ಬಿಸಿ ಅನ್ನಂಗಿಲ್ಲ, ತಣ್ಣಗ ಅನ್ನಂಗಿಲ್ಲ. ತಿಂಗಳ ಬಿಟ್ಟು ತಿಂದ್ರೂ ಹಿಂಗ ಇರ್ತೈತ್ರಿ."

ಮೀನು ಸಾರಲ್ಲಿ ಅದ್ಕಂಡು, ಆವಕಾಯಿ ನಂಜ್ಕಂಡು ಕರಕರ ಅಂತ ತಿನ್ನೋಕೆ ಶುರು ಮಾಡ್ತು. ಪಾತ್ರೆ ತೊಳೆಯೋರು ತೊಳೆಯೋದು ನಿಲ್ಸಿ ನೋಡುದ್ರು. ದೊಡ್ಡಜ್ಜಿಗೆ ಹಲ್ಲಿಲ್ಲ, ಆದ್ರೂ ಕೈ ನೀಡ್ತು. ತೆಪ್ಪ ಹಾಕೋರು ತಂಗಳು ಉಣ್ಬೇಕು ಅಂತ ಈಟು ವರ್ಷ ನಡ್ಸ್ಕಂಡ್ ಬಂದಿದ್ದ ಊರು, ತಂಗಳೇ ಆಗ್ದೆ ಇರೋ ಊಟಾನ ಸುತ್ತ ನಿಂತ್ಕಂಡು ಬಗ್ಗಿ ಬಗ್ಗಿ ನೋಡ್ತು.

ಆವಕ್ಕ ಅವ್ವನಿಗೂ ಒಂದು ಚೂರು ಕೊಡ್ತು. ಅವ್ವ ಬ್ಯಾಡ ಅಂತ ತಲೆ ಆಡ್ಸುದ್ಲು. ಸುಟ್ಟ ಬೆರಳು ಊದ್ಕಂತಾ, ನನ್ನ ಕಡೆ ತಿರುಗಿ, "ಲೇ ಅಮ್ಮಿ, ಇನ್ನೊಂದು ಮುದ್ದೆ ಮಿಕ್ಕೈತಾ ನೋಡೆ. ಬಿಸಿ ಇದ್ರೆ ಮಾತ್ರ ತತ್ತಾ" ಅಂದ್ಲು.